ನಳದ ಮುಂದೆ ನಿಂತ ಸಿನಿಮಾ

ಸಿನಿಮಾ ತೋರಿಸಿ ಸಮಾಜ ತಿದ್ದುವುದು ಬಹಳ ಸುಲಭ ಎಂದು ನಾನು ನಂಬಿದ್ದ ಕಾಲವದು. ಮಳೆ ಕೈಕೊಟ್ಟು ಎರಡನೇ ವರ್ಷ. ಔರಾದ ತಾಲೂಕಿನ ನಮ್ಮ ಊರಿನ ಜನ ಗಂಟು ಕಟ್ಟಿ ಕೂಲಿಗೆಂದು ಪುಣೆಗೆ ಹೊರಟಿದ್ದರು. ನನ್ನ ಏಳನೇ ತರಗತಿಯ ಸುಜಾತಾಳನ್ನೂ ಪರೀಕ್ಷೆಗೆ ಮೊದಲೇ ಕರೆದೊಯ್ಯುವುದಾಗಿ ಅವಳ ತಾಯಿ ಗೌತಮಿಬಾಯಿ ಹೇಳಿದರು.

"ಒಂದ್ ಸಿನಿಮಾ ನೋಡಿ ಆಮ್ಯಾಲ ಹೋಗ್ರಿ ಬಾಯಿ," ಎಂದೆ.

ಗುಳೆ ಹೋದ ಮಕ್ಕಳ ಓದು ಹೇಗೆ ಹಾಳಾಗುತ್ತದೆಂಬ ಸಿನಿಮಾ. ಭಾಲ್ಕಿಯ ಗೆಳೆಯನಿಂದ ಪ್ರೊಜೆಕ್ಟರ್ ತಂದೆ. ಪರದೆಗೆಂದು ಹೆಂಡತಿ ಕಮಲಾಳ ಹೊಸ ಚಾದರ ಎತ್ತಿದೆ. ಮಕ್ಕಳು, ತಾಯಂದಿರು ಶಾಲೆ ತುಂಬಿದರು. ಕಮಲಾ ಚಾದರ ಕಾಯಲು ಬಂದಳು!

ಪಾಠವಾಗಲಿ, ಸಿನಿಮಾ ಆಗಲಿ, ನಡುವೆ ನಿಲ್ಲಿಸಿ ವಿವರಿಸದಿದ್ದರೆ ನನಗೆ ತಿಂದ ರೊಟ್ಟಿ ಕರಗದು. ಪಟ್ಟಣದ ಗುಡಿಸಲು ಕಂಡದ್ದೇ ತಡ, ಚಿತ್ರ ನಿಲ್ಲಿಸಿದೆ. ವಲಸೆಯ ಸಾಮಾಜಿಕ, ರಾಜಕೀಯ ಕಾರಣಗಳ ಕುರಿತು ಅರ್ಧ ಗಂಟೆ ಉಪನ್ಯಾಸ ಬಿಗಿದೆ. ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾದೆ!

ಆಮೇಲೆ ಪರದೆಯತ್ತ ತಿರುಗಿದೆ. ಗುಡಿಸಲ ಮುಂದೊಂದು ನಳ. ನಳದಲ್ಲಿ ತೋಳುದಪ್ಪದ ನೀರು!

"ಸರ್, ನಳ ಮನಿ ಮುಂದೇ ಅದ ನೋಡ್ರಿ!" ಎಂದರು ಗೌತಮಿಬಾಯಿ. "ಇಲ್ಲಿ ಒಂದ್ ಕೊಡಕ್ಕ ಎರಡ್ ತಾಸ್ ನಿಲ್ತೇವಿ. ನಾ ನಾಳೇನೇ ಹೋಗ್ತೇನಿ."

ಹೋಗುವ ವಿಚಾರವೇ ಇರದ ಇಬ್ಬರು ಹೆಂಗಸರು, "ತಡೀರಿ, ನಾವೂ ಬರ್ತೇವಿ," ಎಂದರು.

ಗಾಬರಿಯಿಂದ ಚಿತ್ರ ಮುಂದೋಡಿಸಿದೆ. ಕೊನೆಯಲ್ಲಿ ಒಬ್ಬ ಶಿಕ್ಷಕ ವಿದ್ಯಾರ್ಥಿನಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತಾನೆ.

"ನೋಡಿದ್ರಿ? ಮಾಸ್ತರ ಅಂದ್ರ ಹಿಂಗ ಇರಬೇಕು!" ಎಂದು ಗುಡುಗಿದೆ.

ಸುಜಾತಾ ಎದ್ದು ನಿಂತಳು. "ಸರ್, ಪರೀಕ್ಷಾ ಮುಗಿಯೂತನ ನಾ ನಿಮ್ಮ ಮನ್ಯಾಗ ಇರ್ಲೇನ್ರಿ?"

ಇಡೀ ಶಾಲೆ ನನ್ನ ಮುಖ ನೋಡಿತು. ಈ ಸಲ ನಿಲ್ಲಿಸಲು ಗುಂಡಿಯಿರಲಿಲ್ಲ!

"ಇರವ್ವಾ," ಎಂದಳು ಕಮಲಾ. "ಆ ಚಾದರ ಬಿಚ್ಕೋ. ನಿನಗ ಹಾಸ್ಗೊಳ್ಳಾಕ ಆಗ್ತದ."

ಗೌತಮಿಬಾಯಿ ಕಣ್ಣೊರೆಸಿಕೊಂಡು, ಮಗಳನ್ನು ಬಿಟ್ಟು ಪುಣೆಗೆ ಹೋದರು.

ಸುಜಾತಾ ಪರೀಕ್ಷೆ ಬರೆದಳು, ಪಾಸೂ ಆದಳು. ಆದರೆ ಅಷ್ಟು ದಿನವೂ ನಮ್ಮ ಮನೆಗೆ ದಿನಕ್ಕೆ ಸಿಗುತ್ತಿದ್ದದ್ದು ನಾಲ್ಕೇ ಕೊಡ ನೀರು; ಅದರಲ್ಲಿ ಅವಳಿಗೂ ಪಾಲು ಬೇಕಿತ್ತು.

"ಸಿನಿಮಾ ತೋರ್ಸಿದವ್ರು ನೀವು. ಜಳಕ ನೀವ ಬಿಡ್ರಿ," ಎಂದು ಕಮಲಾ ತೀರ್ಪಿತ್ತಳು.

ಸಮಾಜ ತಿದ್ದಲು ಹೊರಟ ನಾನು ಪರೀಕ್ಷೆ ಮುಗಿಯುವವರೆಗೆ ವಾರಕ್ಕೊಮ್ಮೆ ಜಳಕ ಮಾಡಿದೆ. ತರಗತಿಯ ಮೊದಲ ಸಾಲು ತಾನಾಗಿಯೇ ಖಾಲಿಯಾಯಿತು!