ಒಂದೇ ಸುಳ್ಳಿನ ಮದುವೆ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆ ಒಂದೇ ಒಂದು ಸುಳ್ಳಿನಲ್ಲಿ ಮುಗಿದುಹೋಯಿತು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಮದುವೆಯಾದ ಮೇಲೆ ಕಂತು ಕಂತಾಗಿ ಹೇಳುತ್ತಾ ಬಂದಿದ್ದೇನೆ, ಆ ಮಾತು ಬೇರೆ. ಹೆಣ್ಣಿನ ಕಡೆಯವರಿಗೆ ನನ್ನ ಸಂಬಳ ಹೆಚ್ಚು ಹೇಳಲಿಲ್ಲ, ವಯಸ್ಸು ಕಡಿಮೆ ಹೇಳಲಿಲ್ಲ. ತಲೆಗೂದಲಿನ ವಿಷಯದಲ್ಲಿ ಸುಳ್ಳಿಗೆ ಜಾಗವೇ ಇರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ಹೇಳಿದ ಒಂದು ಸುಳ್ಳನ್ನೂ ಅವರಿಗೆ ಹೇಳಲಿಲ್ಲ; ನಮ್ಮ ಜೊತೆಗೆ ಬಂದಿದ್ದ ಒಬ್ಬ ಹುಡುಗನಿಗೆ ಹೇಳಿದೆ. ಹೆಂಡತಿಗೆ ಹೇಳಿದ ಸುಳ್ಳಾಗಿದ್ದರೆ ಮೊದಲನೇ ವರ್ಷದ ಜಗಳದಲ್ಲೇ ತೊಳೆದುಹೋಗುತ್ತಿತ್ತು. ಇದು ಹೋಗಲಿಲ್ಲ, ಇನ್ನೂ ಚುಚ್ಚುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಟ್ಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು, ಇಂಗ್ಲಿಷ್ ಕಲಿಸುತ್ತಿದ್ದೆ ಅಥವಾ ಹಾಗೆಂದು ತಿಳಿದಿದ್ದೆ. ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಮುಂದಿನ ಕೋಣೆ ಖಾಲಿ ಇತ್ತು. ಅದಕ್ಕೆ ಬಾಡಿಗೆಗೆ ಬಂದವರು ಇಬ್ಬರು ಹುಡುಗರು, ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರು. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಆ ಬಿಸಿಲಿನಲ್ಲೂ ಕೊರಳಿಗೆ ಟೈ. ಕೊಟ್ಟೂರಿನಲ್ಲಿ ಆಗ ಟೈ ಕಟ್ಟಿಕೊಂಡು ಬರುವವರೆಂದರೆ ಔಷಧಿ ಕಂಪನಿಯವರು ಮಾತ್ರ. ಹಾಗಾಗಿ ಮೊದಲ ವಾರ ನಮ್ಮ ಕಟ್ಟೆಗೆ ಬಂದವರೆಲ್ಲ ದೇವರ ಮಾತು ಕೇಳಲು ಬಂದವರಲ್ಲ, ಪುಕ್ಕಟೆ ಟಾನಿಕ್ ಕೇಳಲು ಬಂದವರು. ಅಂಗಿಯ ಮೇಲೆ ಒಂದು ಕಪ್ಪು ಪಟ್ಟಿ, ಅದರಲ್ಲಿ ಹೆಸರಿನ ಹಿಂದೆ ಎಲ್ಡರ್ ಎಂದು ಬರೆದಿತ್ತು. ಅಂದರೆ ಹಿರಿಯರು ಎಂದು ಅವ್ವನಿಗೆ ಹೇಳಿದೆ. ಇನ್ನೂ ಸರಿಯಾಗಿ ಮೀಸೆ ಬಾರದ ಮುಖಗಳನ್ನು ನೋಡಿ ಅವ್ವ, "ಹಿರೇರ? ಇವ್ಕ ಇನ್ನೂ ಎಣ್ಣಿ ಹಚ್ಚಿ ಎರಿಯೋ ವಯಸ್ಸೈತಿ" ಅಂದಳು. ಅಂದಿನಿಂದ ಅವರಲ್ಲಿ ಕಿರಿಯವನು ನಮ್ಮ ಮನೆಯಲ್ಲಿ ಸಣ್ಣ ಹಿರೇರು ಆದ.

ಅವನ ಹೆಸರು ಜಾನ್ ಪ್ರಸಾದ್, ರಾಜಮಹೇಂದ್ರಿಯ ಕಡೆಯವನು. ಬೆಂಗಳೂರಿನಲ್ಲಿ ಕಲಿತ ಪುಸ್ತಕದ ಕನ್ನಡಕ್ಕೆ ತೆಲುಗಿನ ರಾಗ ಸೇರಿಸಿ ಮಾತಾಡುತ್ತಿದ್ದ. ಅವರ ಪಂಥದಲ್ಲಿ ಪ್ರಚಾರಕ ಒಂಟಿಯಾಗಿ ಇರಬಾರದು, ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕೆಂಬ ನಿಯಮ. ದಸರಾ ರಜೆಯಲ್ಲಿ ಅವನ ಜೊತೆಗಾರನಿಗೆ ಕಾಮಾಲೆಯಾಗಿ, ಅವರ ದೊಡ್ಡವರೊಬ್ಬರು ಬಂದು ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಹೋಗುವಾಗ ನನ್ನ ಎರಡೂ ಕೈ ಹಿಡಿದು, ಹೊಸ ಜೊತೆಗಾರ ಬರುವುದು ಮುಂದಿನ ಸೋಮವಾರ, ಅಲ್ಲಿಯವರೆಗೆ ನೀವೇ ಇವನಿಗೆ ಜೋಡಿಯಾಗಿರಿ ಎಂದರು. ನಾಲ್ಕು ವರ್ಷದಿಂದ ನನಗೇ ಒಂದು ಜೋಡಿ ಸಿಕ್ಕಿರಲಿಲ್ಲ. ಯಾರಾದರೂ ಕೇಳಿದರಲ್ಲ ಎಂಬ ಸಂತೋಷಕ್ಕೆ ಒಪ್ಪಿಕೊಂಡೆ.

ಹೀಗೆ ಶುರುವಾಯಿತು ನಮ್ಮ ಒಂದು ವಾರದ ದಾಂಪತ್ಯ. ದಿನಕ್ಕೊಂದು ಮನೆಯವರು ಅವನನ್ನು ಊಟಕ್ಕೆ ಕರೆಯುತ್ತಿದ್ದರು. ಊಟವಾದ ಮೇಲೆ ಅವನು ಚಿತ್ರದ ಹಾಳೆಗಳನ್ನು ಚಾಪೆಯ ಮೇಲೆ ಹರಡಿ ಪಾಠ ಹೇಳುತ್ತಿದ್ದ. ಕನ್ನಡ ಸಿಕ್ಕಿಹಾಕಿಕೊಂಡ ಕಡೆ ಇಂಗ್ಲಿಷಿನಲ್ಲಿ ಹೇಳಿದರೆ ನಾನು ಬಿಡಿಸುತ್ತಿದ್ದೆ. ನಮ್ಮ ಕಡೆಯ ಜನ ದೇವರ ವಿಷಯದಲ್ಲಿ ಯಾರಿಗೂ ಇಲ್ಲ ಎನ್ನುವವರಲ್ಲ. ಎಲ್ಲ ಕೇಳಿ, ತಲೆದೂಗಿ, "ಚಲೋ ಹೇಳ್ತಾನ ಹುಡುಗ, ನಮ್ಮ ಸ್ವಾಮ್ಯಾರೂ ಇದನ್ನ ಹೇಳ್ತಾರ" ಎಂದು ಎಲೆ ಅಡಿಕೆ ತಟ್ಟೆ ಮುಂದಿಡುತ್ತಿದ್ದರು. ಯಾರೂ ಅವನ ಪಂಥ ಸೇರಲಿಲ್ಲ. ಹೆಂಡ, ಬೀಡಿ ಮುಟ್ಟಬಾರದು ಎನ್ನುವ ಪಾಠ ಬಂದಾಗ ಮಾತ್ರ ಒಳಗಿನಿಂದ ಹೆಂಗಸರು ಬಾಗಿಲಿಗೆ ಬಂದು, "ಇನ್ನೊಮ್ಮಿ ಹೇಳ್ರಿ, ನಮ್ಮನಿಯವರಿಗೆ ಕೇಳಿಸ್ಲಿಲ್ಲ" ಎನ್ನುತ್ತಿದ್ದರು.

ತೊಂದರೆ ಬಂದದ್ದು ಅದೇ ಪಾಠದ ಉಳಿದ ಅರ್ಧದಿಂದ. ಅವರಲ್ಲಿ ಚಾ, ಕಾಫಿಯೂ ಕೂಡದು. ಈ ಸಂಗತಿ ನನಗೆ ಸೋಮವಾರವೇ ತಿಳಿಯಿತು. ಅವ್ವ ತಂದಿಟ್ಟ ಚಾ ಲೋಟವನ್ನು ಅವನು ಎರಡು ಬೆರಳಿನಿಂದ ಮೆಲ್ಲಗೆ ನನ್ನ ಕಡೆಗೆ ಸರಿಸಿದ. ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದೆ. "ಮೂರು ವರ್ಷ ಆಯಿತು ಅಣ್ಣಾ. ನಮ್ಮ ನಾಯನದು, ಅಂದರೆ ಅಪ್ಪನದು, ರೈಲ್ವೆ ಸ್ಟೇಷನ್ ಎದುರಿಗೆ ಚಾ ಅಂಗಡಿ. ನಾನು ಅಲ್ಲೇ ಬೆಳೆದದ್ದು. ನಿನ್ನ ದೇವರಿಗೆ ನನ್ನ ಕಸುಬು ಪಾಪವಾ ಅಂತ ಕೇಳಿದರು. ಆಮೇಲೆ ನನ್ನ ಜೊತೆ ಮಾತಾಡಿಲ್ಲ." ಇಷ್ಟು ಹೇಳಿ ನಕ್ಕ. ನನಗೆ ನಗಲಾಗಲಿಲ್ಲ. ಆದರೂ ಅವನ ಪಾಲಿನ ಚಾ ಕುಡಿದೆ, ಆರಿಹೋಗುತ್ತದಲ್ಲ ಎಂದು.

ಕೊಟ್ಟೂರಿನಲ್ಲಿ ಉಪವಾಸವಿದ್ದು ಬದುಕಬಹುದು, ಚಾ ಒಲ್ಲೆ ಎಂದು ಬದುಕುವುದು ಕಷ್ಟ. ಮಂಗಳವಾರ ಪಂಪುಸೆಟ್ಟು ರಿಪೇರಿಯ ಮೆಹಬೂಬಸಾಬರ ಮನೆಗೆ ಹೋದಾಗ ನಾನು ಮುಂಚೆಯೇ ಬೆವೆತಿದ್ದೆ. ಏನು ನೆಪ ಹೇಳುವುದು, ಹೊಟ್ಟೆನೋವು ಎನ್ನಲೇ, ಹಲ್ಲುನೋವು ಎನ್ನಲೇ ಎಂದು ಲೆಕ್ಕ ಹಾಕುತ್ತಿರುವಾಗಲೇ ಆ ಹುಡುಗ ಕೈಮುಗಿದು ತಾನೇ ಹೇಳಿಬಿಟ್ಟ, ನಾನು ಚಾ ಕುಡಿಯುವುದಿಲ್ಲ, ದೇವರಿಗೆ ಮಾತು ಕೊಟ್ಟಿದ್ದೇನೆ ಎಂದು. ಮೆಹಬೂಬಸಾಬರು ಒಳಗೆ ಕೂಗಿದರು: "ಏ, ಹುಡುಗಗ ಮಜ್ಜಿಗಿ ತಗೊಂಬಾ!" ನನ್ನ ಮುಖ ನೋಡಿ, "ಯಾಕ್ರಿ ಮೇಷ್ಟ್ರ, ಹಿಂಗ ಬೆವತೀರಿ? ನಮ್ಮಲ್ಲಿ ರೋಜಾ ಹೆಂಗೋ ಇವರಿಗೆ ಇದು ಹಂಗ. ಹೇಳಿದ್ರ ಮುಗೀತಲ್ಲ" ಎಂದರು. ಎಷ್ಟು ಸುಲಭದ ಮಾತು. ಮಂಗಳವಾರ ಕೇಳಿದ ಈ ಮಾತು ಶುಕ್ರವಾರದವರೆಗೂ ನನ್ನ ತಲೆಯಲ್ಲಿ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಶುಕ್ರವಾರ ಹಗರಿಬೊಮ್ಮನಹಳ್ಳಿಗೆ ಹೆಣ್ಣು ನೋಡಲು ಹೋಗುವುದಿತ್ತು. ಅದು ನನ್ನ ಏಳನೆಯ ಹೆಣ್ಣು. ಅಂದರೆ ನನ್ನನ್ನು ಒಲ್ಲೆ ಎನ್ನುವ ಅವಕಾಶ ಸಿಕ್ಕ ಏಳನೆಯವಳು. ಜೋಡಿಯ ನಿಯಮವಿತ್ತಲ್ಲ, ಸಣ್ಣ ಹಿರೇರನ್ನು ಬಿಟ್ಟು ಹೋಗುವಂತಿರಲಿಲ್ಲ. ನಮ್ಮ ಸೋದರಮಾವ ಸಿಡುಕಿದ: "ಹೆಣ್ಣು ನೋಡಾಕ ಹೊಂಟೀಯೋ, ಪರೀಕ್ಷಾ ಬರ್ಸಾಕ ಹೊಂಟೀಯೋ? ಟೈ ಕಟ್ಟಿದಾವನ್ನ ಜೋಡಿ ಮಾಡ್ಕೊಂಡು!" ಗೆಳೆಯ ಎಂದು ಹೇಳೋಣ ಬಿಡು ಎಂದೆ. ಅದು ಸುಳ್ಳಾಗಿರಲಿಲ್ಲ. ಹೊಸಪೇಟೆ ಗಾಡಿಯಲ್ಲಿ ಅವ್ವ, ಮಾವ, ನಾನು, ಅವನು ನಾಲ್ವರೂ ಹೊರಟೆವು. ದಾರಿಯುದ್ದಕ್ಕೂ ಮಾವ ಒಂದೇ ಕಥೆ ಹೇಳಿದ. ಹಡಗಲಿಯಲ್ಲಿ ಯಾರದೋ ಸಂಬಂಧ ಎಲ್ಲಾ ಗಟ್ಟಿಯಾಗಿತ್ತಂತೆ, ಗಂಡಿನ ಚಿಕ್ಕಪ್ಪ ಹುಡುಗಿ ಕೊಟ್ಟ ಚಾ ಅರ್ಧಕ್ಕೆ ಬಿಟ್ಟು ಎದ್ದನಂತೆ, ಅಷ್ಟಕ್ಕೇ ಮುರಿಯಿತಂತೆ. "ಹುಡುಗಿ ಕೊಟ್ಟ ಚಾ ಬಿಟ್ರ ಹುಡುಗೀನ ಬಿಟ್ಟಂಗ. ತಿಳೀತಿಲ್ಲೋ?" ನನಗೆ ತಿಳಿಯಿತು. ಪಕ್ಕದಲ್ಲಿ ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕುಳಿತಿದ್ದವನಿಗೂ ತಿಳಿದಿರಬೇಕು.

ಹುಡುಗಿಯ ಅಪ್ಪ ಬೆಲ್ಲದ ವ್ಯಾಪಾರಿ, ಮೆತ್ತಗಿನ ಮನುಷ್ಯ. ಆ ಮನೆಯ ನಿಜವಾದ ಯಜಮಾನಿಕೆ ಅವರ ತಾಯಿಯದು. ಆ ಅಜ್ಜಿ ವಿಭೂತಿ ಹಚ್ಚಿಕೊಂಡು ಕಂಬಕ್ಕೆ ಒರಗಿ ಕುಳಿತು ನಮ್ಮ ನಾಲ್ವರನ್ನೂ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರಂತೆ ನೋಡುತ್ತಿದ್ದಳು. ಹುಡುಗಿ ಬಂದಳು. ನಾನು ತಲೆ ಎತ್ತಿದೆ, ಮತ್ತೆ ಇಳಿಸಲಿಲ್ಲ, ಅವ್ವ ಚಿವುಟಬೇಕಾಯಿತು. ಆರು ಮನೆಗಳಲ್ಲಿ ಆಗದ್ದು ಏನೋ ಇಲ್ಲಿ ಆಗಿಬಿಟ್ಟಿತ್ತು. ಅವಳ ಕೈಯಲ್ಲಿದ್ದ ತಟ್ಟೆಯಲ್ಲಿ ಚಾ ಲೋಟಗಳಿದ್ದವು. ಮಾವನಿಗೆ ಕೊಟ್ಟಳು, ಅವ್ವನಿಗೆ ಕೊಟ್ಟಳು, ನನಗೆ ಕೊಟ್ಟಳು, ನಂತರ ಅವನ ಮುಂದೆ ನಿಂತಳು. ಅವನು ಕೈಮುಗಿಯಲು ಹೊರಟಿದ್ದ. ಕಂಬದ ಹತ್ತಿರದಿಂದ ಅಜ್ಜಿ, "ತಗೋಳಪ, ನಾಚಿಗಿ ಬ್ಯಾಡ" ಅಂದಳು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ನಾನು ಅವನ ಕಡೆ ವಾಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ: ಇದು ಚಾ ಅಲ್ಲ, ಶುಂಠಿ ಕಷಾಯ, ನಿನಗೆಂದೇ ಹೇಳಿ ಮಾಡಿಸಿದ್ದೇನೆ.

ಅವನು ಲೋಟ ತೆಗೆದುಕೊಂಡ. ಮೂಗಿನ ಹತ್ತಿರ ಒಂದು ಗಳಿಗೆ ಹಿಡಿದ. ನನ್ನ ಕಡೆ ತಿರುಗಿ, "ಕಷಾಯವಾ ಅಣ್ಣಾ?" ಎಂದು ಮೆಲ್ಲಗೆ ಕೇಳಿದ. ಹೂಂ ಎಂದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ಅಜ್ಜಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಮಾವ ಗೆದ್ದವನಂತೆ ನನ್ನ ಕಡೆ ನೋಡಿದ. ನನಗೂ ಒಳಗೊಳಗೆ ಹೆಮ್ಮೆಯೇ ಆಯಿತು. ಎಂಥ ಸಮಯಸ್ಫೂರ್ತಿ, ಹುಡುಗನಿಗೆ ಗೊತ್ತೇ ಆಗಲಿಲ್ಲ ಎಂದುಕೊಂಡೆ. ಚಾ ಅಂಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಚಾದ ವಾಸನೆ ಗೊತ್ತಾಗಲಿಲ್ಲ ಎಂದು ನಂಬಿದ ನನ್ನನ್ನು ಸರ್ಕಾರ ಮಕ್ಕಳಿಗೆ ಪಾಠ ಹೇಳಲು ನೇಮಿಸಿತ್ತು.

ವಾಪಸು ಬರುವಾಗ ಗಾಡಿಯಲ್ಲಿ ನಾನೇ ನನ್ನ ಭಾವೀ ಸಂಸಾರದ ಬಗ್ಗೆ ಕೊಟ್ಟೂರು ಬರುವವರೆಗೂ ಮಾತಾಡಿದೆ, ಅವನು ಹೂಂಗುಟ್ಟಿದ. ಶನಿವಾರ ಬಾಗಳಿಗೆ ಗುಡಿ ನೋಡಲು ಕರೆದುಕೊಂಡು ಹೋದೆ. ಬರಿಗಾಲಲ್ಲಿ ಪ್ರದಕ್ಷಿಣೆ ಬಂದ, ಕೆತ್ತನೆ ನೋಡಿದ. ಭಾನುವಾರ ಬೆಳಿಗ್ಗೆ ಅವ್ವ ರೊಟ್ಟಿ, ಎಣ್ಣೆಗಾಯಿ ಮಾಡಿ ಕರೆದರೆ ಬೇಡ ಅಮ್ಮಾ, ಇವತ್ತು ಉಪವಾಸ ಎಂದ. ಅವರಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸವಿರುತ್ತದೆ ಎಂದು ಹಿಂದೆ ಹೇಳಿದ್ದ. ಅದು ಮೂರನೆಯ ಭಾನುವಾರ. ನಾನು ಕ್ಯಾಲೆಂಡರ್ ನೋಡಿ ಹುಡುಗ ಲೆಕ್ಕ ತಪ್ಪಿದ್ದಾನೆ ಎಂದುಕೊಂಡು ಅವನ ಪಾಲಿನ ರೊಟ್ಟಿಯನ್ನೂ ತಿಂದೆ. ಅವನ ಕೋಣೆಯ ಕದ ಅರ್ಧ ತೆರೆದಿತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಮೊಣಕಾಲೂರಿ ಕುಳಿತಿದ್ದ, ಬಹಳ ಹೊತ್ತು.

ಸೋಮವಾರ ಹೊಸ ಜೊತೆಗಾರ ಬಂದ, ಮುಂದಿನ ತಿಂಗಳು ಇಬ್ಬರನ್ನೂ ಬೇರೆ ಊರಿಗೆ ಹಾಕಿದರು. ಹೋಗುವಾಗ ಅವ್ವನ ಕಾಲು ಮುಟ್ಟಿದ, ನನ್ನನ್ನು ತಬ್ಬಿಕೊಂಡ. ಮದುವೆಯ ಕರೆಯೋಲೆಯನ್ನು ಬೆಂಗಳೂರಿನ ವಿಳಾಸಕ್ಕೆ ಕಳಿಸಿದೆ, ಉತ್ತರ ಬರಲಿಲ್ಲ. ನಾನೂ ಮತ್ತೆ ಬರೆಯಲಿಲ್ಲ.

ಮದುವೆಯಾಗಿ ನಾಲ್ಕೈದು ವರ್ಷವಾದ ಮೇಲೆ ಒಂದು ಸಂಜೆ ಹೆಂಡತಿ ಚಾ ಕೊಟ್ಟು ಎದುರಿಗೆ ನಿಂತಳು. ನಾನು ಪೇಪರಿನಲ್ಲಿ ಮುಖವಿಟ್ಟು ಕುಡಿದೆ. "ಹೆಂಗೈತಿ ಅಂತ ಒಂದಿನನೂ ಬಾಯಿ ಬಿಡಬ್ಯಾಡ್ರಿ" ಅಂದಳು. "ನೋಡಾಕ ಬಂದಾಗೂ ಅಷ್ಟ. ನೀವು, ನಿಮ್ಮ ಮಾವ, ಅತ್ತಿ, ಒಬ್ಬರೂ ಒಂದು ಮಾತು ಅನ್ಲಿಲ್ಲ. ಆ ಟೈ ಹುಡುಗ ಒಬ್ಬಾವ, ನಾ ಖಾಲಿ ಲೋಟ ತಗೊಳ್ಳಾಕ ಹೋದಾಗ ಸಣ್ಣಗ ಅಂದ, ಅಕ್ಕಾ, ಚಾ ಚೆನ್ನಾಗಿದೆ, ನಮ್ಮ ನಾಯನ ಅಂಗಡಿಯಲ್ಲೂ ಹೀಗೇ ಶುಂಠಿ ಹಾಕ್ತಾರೆ ಅಂತ. ಇಂಥ ಗೆಳೆಯ ಇರೋ ಮನುಷ್ಯಾ ಕೆಟ್ಟಾವ ಇರಲಿಕ್ಕಿಲ್ಲ ಅಂತ ಅಜ್ಜಿಗೆ ಹೂಂ ಅಂದೆ ನಾನು."

ಪೇಪರ್ ಕೆಳಗಿಟ್ಟೆ. ಗೊತ್ತಿತ್ತು. ಅವನಿಗೆ ಎಲ್ಲ ಗೊತ್ತಿತ್ತು. ಮೂರು ವರ್ಷ ಅಪ್ಪನ ಮಾತು ಕಳೆದುಕೊಂಡು ಕಾಪಾಡಿದ, ದೇವರಿಗೆ ಕೊಟ್ಟ ಮಾತನ್ನು ನನ್ನ ಮಾನ ಉಳಿಸಲು ಒಂದು ಲೋಟದಲ್ಲಿ ಮುರಿದು, ಅದರ ಮೇಲೆ ನನ್ನ ಸುಳ್ಳನ್ನೂ ಬಯಲು ಮಾಡದೆ ಹೋಗಿದ್ದ. ನನಗೆ ಬಹಳ ನಾಚಿಕೆಯಾಯಿತು. ಹೆಂಡತಿಗೆ ಪೂರ್ತಿ ಹೇಳಲು ಧೈರ್ಯ ಸಾಲದೆ ಸುತ್ತಿ ಬಳಸಿ ಕೇಳಿದೆ, ಅವತ್ತು ನಮ್ಮ ಕಡೆಯವರು ಯಾರಾದರೂ ಚಾ ಒಲ್ಲೆ ಎಂದಿದ್ದರೆ ಏನಾಗುತ್ತಿತ್ತು ಎಂದು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಏನಾಗ್ತಿತ್ತು? ಹಾಲು ಕೊಡ್ತಿದ್ವಿ. ಮನ್ಯಾಗ ಎರಡು ಎಮ್ಮಿ ಇದ್ದು. ನಮ್ಮಜ್ಜಿನೇ ಶ್ರಾವಣ ತಿಂಗಳ ಪೂರ್ತಿ ಚಾ ಮುಟ್ತಿರಲಿಲ್ಲ."

ಎಷ್ಟೋ ವರ್ಷವಾಯಿತು. ಈಗ ನನಗೇ ಹೊಟ್ಟೆಹುಣ್ಣು. ಚಾ ಮುಟ್ಟಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ನಾನೂ ಖಂಡಿತವಾಗಿ ಬಿಡುತ್ತೇನೆ, ವಾರಕ್ಕೆರಡು ಸಲ. ಮೊನ್ನೆ ಕೂಡ್ಲಿಗಿಯಲ್ಲಿ ಪರಿಚಯದವರ ಮನೆಗೆ ಹೋಗಿದ್ದೆವು. ಡಾಕ್ಟರು ಬೇಡ ಎಂದಿದ್ದಾರೆ ಎಂದು ಶುರು ಮಾಡಿದೆ. "ಅರ್ಧ ಲೋಟಕ್ಕ ಏನಾಗ್ತೈತಿ ಬಿಡ್ರಿ ಮೇಷ್ಟ್ರ" ಎಂದು ಅವರು ತುಂಬಿದ ಲೋಟವನ್ನೇ ಕೈಗಿಟ್ಟರು. ಬೇಜಾರು ಮಾಡಿಕೊಂಡಾರು ಎಂದು ಕುಡಿದೆ. ಶುಂಠಿ ಹಾಕಿದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹೆಂಡತಿ ತಡೆಯಲಾರದೆ ಕೇಳಿದಳು: "ಒಲ್ಲೆ ಅಂದಿದ್ರ ಯಾರ ಮದುವಿ ನಿಂತು ಹೋಗ್ತಿತ್ತ್ರಿ?"

ಬಾಯಲ್ಲಿ ಇನ್ನೂ ಚಾದ ರುಚಿ ಇತ್ತು. ಅದನ್ನು ನುಂಗಿಕೊಂಡು ಅವಳ ಹಿಂದೆ ನಡೆದೆ.