ಭಾವನ ಎರಡನೆಯ ಯುಗಾದಿ

ನಮ್ಮ ಭಾವನಿಗೆ ವರ್ಷಕ್ಕೆ ಎರಡು ಯುಗಾದಿ. ಒಂದು ನಮ್ಮ ನಿಮ್ಮೆಲ್ಲರದ್ದು, ಅಕ್ಕ ಮೂರು ಸಲ ಬೈದು ಎಬ್ಬಿಸಿದ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಳ್ಳುವಂಥದ್ದು. ಇನ್ನೊಂದು ಚೀನೀಯರದ್ದು, ಯಾರೂ ಎಬ್ಬಿಸದೆ ತಾವೇ ಐದಕ್ಕೆ ಎದ್ದು ಸ್ನಾನ ಮುಗಿಸಿ ಕೂರುವಂಥದ್ದು!

ಹಾಗಂತ ಭಾವ ಚೀನಾ ನೋಡಿದವರಲ್ಲ. ಮೈಸೂರಿನವರು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾ, ಮಂಡಿನೋವಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ತಮ್ಮ ಪಾಡಿಗೆ ಇದ್ದವರು. ಐವತ್ತಾದ ಮೇಲೆ ಕುಂಗ್‌ಫು ಶಾಲೆ ಸೇರಿದರು. ಒದೆಯುವುದು, ಗುದ್ದುವುದು ಅಷ್ಟಕ್ಕಷ್ಟೆ. ಆದರೆ ಆ ಶಾಲೆಯ ಹಬ್ಬಗಳಿವೆಯಲ್ಲ, ಅವುಗಳಲ್ಲಿ ಒಂದನ್ನೂ ಬಿಟ್ಟವರಲ್ಲ. ಹೊಸ ವರ್ಷ, ಆ ವಿದ್ಯೆಯ ಮೂಲಗುರುವಿನ ಹುಟ್ಟುಹಬ್ಬ, ಈಗಿನ ಗುರುವಿನ ಹುಟ್ಟುಹಬ್ಬ, ಅವರ ಗುರು ತೀರಿಕೊಂಡ ದಿನ, ಶಾಲೆ ಶುರುವಾದ ದಿನ, ಶರತ್ಕಾಲದ ಹುಣ್ಣಿಮೆ. ಅಕ್ಕ ಊರಿಂದ ತರಿಸಿದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಮಗ್ಗುಲಲ್ಲೇ ಇವೆಲ್ಲ ಕೆಂಪು ಪೆನ್ನಿನಲ್ಲಿ ಗುರುತಾಗಿವೆ. ಮದುವೆಯಾದ ದಿನಕ್ಕೆ ಮಾತ್ರ ಯಾವ ಬಣ್ಣದ ಪೆನ್ನೂ ಸಿಕ್ಕಿಲ್ಲ ಎನ್ನುವುದು ಅಕ್ಕನ ದೂರು.

ಮೂಲಗುರುವಿನ ಹುಟ್ಟುಹಬ್ಬಕ್ಕೆಂದು ರಜೆ ಕೇಳಿದಾಗ ಆಫೀಸಿನ ಜರ್ಮನ್ ಮ್ಯಾನೇಜರಮ್ಮ ಬಹಳ ಸಂತೋಷಪಟ್ಟು, ಅವರಿಗೆ ಈಗ ಎಷ್ಟು ವರ್ಷ ಅಂತ ವಿಚಾರಿಸಿದರಂತೆ. ಇನ್ನೂರೋ ಮುನ್ನೂರೋ ಇರಬೇಕು, ಸರಿಯಾಗಿ ಗೊತ್ತಿಲ್ಲ ಅಂದರಂತೆ ಭಾವ. ಆಕೆ ಅಲ್ಲೇ ರಜೆ ಕೊಟ್ಟುಬಿಟ್ಟರು. ನಾನಾಗಿದ್ದರೂ ಕೊಡುತ್ತಿದ್ದೆ, ಬಿಡಿ!

ಅವರ ಹೊಸ ವರ್ಷಕ್ಕೆ ಸಿಂಹದ ಕುಣಿತ. ಒಂದೇ ವೇಷದೊಳಗೆ ಇಬ್ಬರು, ತಲೆಗೊಬ್ಬ, ಹಿಂಭಾಗಕ್ಕೊಬ್ಬ. ಭಾವನಿಗೆ ಹಿಂಭಾಗ. ಮುಂದಿನವನ ಸೊಂಟ ಬಿಟ್ಟರೆ ಬೇರೇನೂ ಕಾಣದ ಹುದ್ದೆ! ಬಾಗಿಲಿಗೆ ಕಟ್ಟಿದ ಲೆಟ್ಯೂಸ್ ಸೊಪ್ಪನ್ನು ಸಿಂಹ ಕಿತ್ತುಕೊಂಡು, ಅಗಿದ ಹಾಗೆ ಮಾಡಿ, ಜನರ ಮೇಲೆ ಉಗುಳಬೇಕು. ಎಲೆ ಯಾರ ಮೇಲೆ ಬಿತ್ತೋ ಅವರಿಗೆ ವರ್ಷವಿಡೀ ಒಳ್ಳೆಯದಾಗುತ್ತದಂತೆ. ಕುಣಿತ ಮುಗಿದ ಮೇಲೆ ಭಾವ ಆ ಎಲೆಗಳನ್ನೆಲ್ಲ ನೆಲದಿಂದ ಹೆಕ್ಕಿ ಮನೆಗೆ ತಂದರು. ಅಕ್ಕ ಏನೂ ಅರಿಯದೆ ತೊಳೆದು, ಹೆಚ್ಚಿ, ಹೆಸರುಬೇಳೆ ಕೋಸಂಬರಿಗೆ ಹಾಕಿ ನನಗೂ ಬಡಿಸಿದಳು. ನಾನು ಎರಡನೇ ಸಲ ಹಾಕಿಸಿಕೊಂಡ ಮೇಲೆ ಈ ಮಹಾನುಭಾವರು ಬಾಯಿ ಬಿಡುತ್ತಾರೆ, ಇದು ಸಿಂಹದ ಪ್ರಸಾದ ಅಂತ!

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನೇ ಬಿಟ್ಟೆ. ಆ ಶಾಲೆಗೆ ಮೊದಲು ಸೇರಿದ್ದು ಭಾವ ಅಲ್ಲ, ಅವರ ಒಬ್ಬಳೇ ಮಗಳು ಇಂಚರ. ಹದಿಮೂರು ತುಂಬಿದ್ದೇ ತಡ, ಆ ಹುಡುಗಿಗೆ ಅಪ್ಪ ಅಂದರೆ ನಾಚಿಕೆ ಶುರುವಾಯಿತು. ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲಿ ಒಂದೇ ಪದದ ಉತ್ತರ: ಹೌದಾದರೆ ಯಾ, ಇಲ್ಲವಾದರೆ ನೈನ್. ಕುಂಗ್‌ಫು ಶಾಲೆಗೆ ಎರಡು ಬೀದಿ ಮುಂಚೆಯೇ ಕಾರು ನಿಲ್ಲಿಸಬೇಕು. ಭಾವ ಅಲ್ಲೇ ಕಾರಿನಲ್ಲಿ ಒಂದೂವರೆ ಗಂಟೆ ಚಳಿಯಲ್ಲಿ ಕೂತಿರುತ್ತಿದ್ದರು. ಒಂದು ದಿನ ಇಳಿದು ಹೋಗಿ ತಾವೂ ಹೆಸರು ಕೊಟ್ಟು ಬಂದರು.

ಮಗಳು ವಾರಗಟ್ಟಲೆ ಮುಖ ಊದಿಸಿಕೊಂಡಳು. ಕೊನೆಗೆ ಷರತ್ತು ಹಾಕಿದಳು. ಬ್ಯಾಚ್ ಬೇರೆ ಇರಬೇಕು, ತನ್ನನ್ನು ಮಾತಾಡಿಸಬಾರದು, ತಾನು ಅವರ ಮಗಳೆಂದು ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಇಡೀ ಶಾಲೆಗೆ ಮೈಸೂರಿನ ಮುಖಗಳು ಎರಡೇ, ಮೂಗು ಎರಡರದ್ದೂ ಒಂದೇ ಅಚ್ಚು. ಆದರೂ ಯಾರಿಗೂ ಗೊತ್ತಾಗುವುದಿಲ್ಲ ಅಂತ ಆ ಹುಡುಗಿಯ ನಂಬಿಕೆ! ಭಾವ ಎಲ್ಲಕ್ಕೂ ಹೂಂ ಅಂದರು. ಅಲ್ಲಿ ವಯಸ್ಸು ಲೆಕ್ಕಕ್ಕಿಲ್ಲ, ಮೊದಲು ಸೇರಿದವರೇ ಹಿರಿಯರು. ಹಾಗಾಗಿ ಎರಡು ವರ್ಷದಿಂದ ಭಾವ ಸ್ವಂತ ಮಗಳಿಗೆ ತಲೆಬಾಗಿ, ಚೀನೀ ಭಾಷೆಯಲ್ಲಿ ಅಕ್ಕ ಅನ್ನುತ್ತಿದ್ದಾರೆ.

ಈ ಸಲ ಮೂಲಗುರುವಿನ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದರು. ಇಂಚರ ಎಂದಿನಂತೆ ಮುಂಚೆಯೇ ಒಬ್ಬಳೇ ಹೋಗಿದ್ದಳು. ಟ್ರಾಮಿನಲ್ಲಿ ನಾನು ರೇಗಿಸಿದೆ, ಮನೆಯ ಗಣಪತಿ ಹಬ್ಬಕ್ಕೆ ಪಂಚೆ ಉಡಲು ಸೋಮಾರಿತನ, ಇಲ್ಲಿ ಮಾತ್ರ ಏನಿಂಥಾ ಭಕ್ತಿ ಅಂತ. ಭಾವ ನಗಲಿಲ್ಲ.

“ಬೇರೆ ದಿನ ಅವಳ ಬ್ಯಾಚೇ ಬೇರೆ ಕಣಮ್ಮಾ. ಹಬ್ಬದ ದಿನ ಮಾತ್ರ ಇಡೀ ಸ್ಕೂಲು ಒಂದೇ ಸಾಲಲ್ಲಿ ನಿಲ್ಬೇಕು, ಸೇರಿದ ಆರ್ಡರಲ್ಲಿ. ಸಾಲಲ್ಲಿ ಅವಳಾದ್ಮೇಲೆ ನಾನೇ. ವರ್ಷಕ್ಕೆ ಆರು ದಿನ ಮಗಳ ಪಕ್ಕ ನಿಂತ್ಕೊಳ್ಳೋಕೆ ಸಿಗತ್ತೆ. ಮನೇಲಿ ಅವಳ ರೂಮಿನ ಬಾಗಿಲು ಹಾಕೇ ಇರತ್ತೆ.”

ಎರಡು ವರ್ಷ ನಾನು ನಕ್ಕಿದ್ದು ಇದಕ್ಕಾ ಅನ್ನಿಸಿತು.

ಹಾಲ್‌ನಲ್ಲಿ ಮೂಲಗುರುವಿನ ಚಿತ್ರ, ಕಿತ್ತಳೆ ಹಣ್ಣು, ಊದುಬತ್ತಿ. ಗಡ್ಡದ ಜರ್ಮನ್ ಗುರು ಕುರ್ಚಿಯಲ್ಲಿ ಕೂತಿದ್ದರು. ಸಾಲಿನ ಕಟ್ಟಕಡೆಯಿಂದ ಒಂದು ಬಟ್ಟಲು ಚಹಾ ಕೈಯಿಂದ ಕೈಗೆ ದಾಟಿ ಅವರನ್ನು ತಲುಪಬೇಕು, ಅದು ಅಲ್ಲಿನ ಪದ್ಧತಿ. ಭಾವ ಮಗಳ ಪಕ್ಕ ನಿಂತರು. ಅಷ್ಟರಲ್ಲಿ ಎತ್ತರದ ಹುಡುಗನೊಬ್ಬ ಬಂದು ಇಬ್ಬರ ನಡುವೆ ನಿಲ್ಲಲು ಜಾಗ ಕೇಳಿದ. ಭಾವನಿಗಿಂತ ಒಂದು ವಾರ ಮೊದಲು ಸೇರಿದ್ದವನಂತೆ. ಕೆಲಸಕ್ಕೆಂದು ದೂರದ ಇಂಗೋಲ್‌ಸ್ಟಾಟ್‌ಗೆ ಹೋಗಿದ್ದವನು ಬಹಳ ದಿನಗಳ ಮೇಲೆ ಹಬ್ಬಕ್ಕೆ ಬಂದಿದ್ದ. ನಿಯಮ ನಿಯಮವೇ. ಭಾವ ತಲೆಬಾಗಿ ಹಿಂದಕ್ಕೆ ಸರಿದರು. ಅವರ ಮುಖ ನನಗೆ ನೋಡಲಾಗಲಿಲ್ಲ.

ಇಂಚರ ತಿರುಗಿ ನೋಡಿದಳು. ಆ ಹುಡುಗನಿಗೆ ಜರ್ಮನ್‌ನಲ್ಲಿ, ಎಲ್ಲರಿಗೂ ಕೇಳುವಂತೆ, ಇವರು ನನ್ನ ಅಪ್ಪ, ಇವತ್ತೊಂದು ದಿನ ನೀನು ಆಚೆ ನಿಲ್ಲುತ್ತೀಯಾ ಅಂದಳು. ಅವನು ನಕ್ಕು, ಅದು ಇಲ್ಲಿ ಎಲ್ಲರಿಗೂ ಗೊತ್ತು ಅಂದು ಪಕ್ಕಕ್ಕೆ ಸರಿದ. ಗುರುಗಳು ಏನೂ ಕಾಣದವರ ಹಾಗೆ ಊದುಬತ್ತಿಯ ಕಡೆ ನೋಡುತ್ತಿದ್ದರು.

“ಅಪ್ಪಾ, ಈ ಕಡೆ ಬಾ,” ಅಂದಳು ಇಂಚರ. ಕನ್ನಡದಲ್ಲಿ.

ಚಹಾದ ಬಟ್ಟಲು ಭಾವನ ಕೈಗೆ ಬಂದಾಗ ಅವರ ಕಣ್ಣು ಮಗಳ ಮೇಲೇ ಇದ್ದು, ಅರ್ಧ ಚಹಾ ನೆಲಕ್ಕೆ ಚೆಲ್ಲಿತು. ಉಳಿದರ್ಧವನ್ನು ಮಗಳು ಎರಡೂ ಕೈಯಲ್ಲಿ ಜೋಪಾನವಾಗಿ ತೆಗೆದುಕೊಂಡಳು. ವಾಪಸ್ ಬರುವಾಗ ಟ್ರಾಮಿನಲ್ಲಿ ನಾವು ಮೂವರಿದ್ದೆವು. ನಾನು ಭಾವನನ್ನು ರೇಗಿಸಲಿಲ್ಲ.