ಹತ್ತು ಬೆರಳು, ಒಂದು ಮಷೀನು

ಹಳೇ ಮಷೀನ್ ಕೊಳ್ಳಲು ಹೊರಟವನಿಗೆ ಪ್ಲಗ್ ಹಾಕುವ ಮೊದಲೇ ಶಾಕ್ ಹೊಡೆಯಲು ಶುರುವಾಗುತ್ತದೆ. ಬೇರೆಯವರ ಕಥೆ ಗೊತ್ತಿಲ್ಲ, ನನಗಂತೂ ಒಮಾನಿನಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೊಡೆಯಿತು. ಒಂದಕ್ಕೂ ಕರೆಂಟು ಕಾರಣವಲ್ಲ.

೧. ಮಾವನವರ ಎಂಟು

ನಾನು ಧಾರವಾಡದವನು, ಇಲ್ಲಿ ಒಂದು ಕಂಪನಿಯಲ್ಲಿ ಪೈಪುಗಳ ನಕ್ಷೆ ಬರೆಯುವ ಇಂಜಿನಿಯರ್. ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಗೆರೆ ಎಳೆದು ಎಳೆದು, ಕೈಯಿಂದ ಮುಟ್ಟಬಹುದಾದ ಒಂದು ವಸ್ತುವನ್ನಾದರೂ ನಾನೇ ಮಾಡಬೇಕು ಅನ್ನುವ ಹುಚ್ಚು ಹಿಡಿಯಿತು. ಅಲ್ ಹೈಲ್‌ನ ನಮ್ಮ ಬಾಡಿಗೆ ಮನೆಯ ಪಕ್ಕ ಒಂದು ಕಾರ್ ಶೆಡ್ ಇದೆ. ಅಲ್ಲಿ ಬಡಿಗತನ ಶುರು ಮಾಡುವುದು, ಮೊದಲು ಹೆಂಡತಿಗೆ ರೊಟ್ಟಿ ಬಡಿಯಲು ಒಂದು ಒಳ್ಳೆಯ ಮಣೆ ಮಾಡಿಕೊಡುವುದು ಎಂದು ತೀರ್ಮಾನಿಸಿದೆ. ಮರ ಕೊಯ್ಯುವುದು, ರಂದಾ ಹೊಡೆಯುವುದು, ತೂತು ಕೊರೆಯುವುದು ಎಲ್ಲವನ್ನೂ ಮಾಡುವ ಮಷೀನುಗಳಿವೆ. ಹೊಸದು ನನ್ನ ಕೈಗೆ ಎಟುಕುವುದಲ್ಲ. ಹಳೆಯದೇ ಆಗಬೇಕು.

ಮೊಬೈಲಿನಲ್ಲಿ ಹೆಂಡತಿಗೆ ಫೋಟೋ ತೋರಿಸಿದೆ. "ನೋಡು, ಐದು ಕೆಲಸ ಒಂದ ಮಷೀನ್ ಮಾಡ್ತದ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮಪ್ಪನ ಕೈಯಾಗ ಎಷ್ಟು ಬೆರಳು ಅದಾವ?"

ನನ್ನ ಮಾವ ಗದಗಿನ ಕಡೆ ಹೆಸರು ಮಾಡಿದ ಬಡಿಗರು. ಎರಡೂ ಕೈ ಸೇರಿ ಎಂಟು ಬೆರಳು. ನಮ್ಮ ಮದುವೆಯಲ್ಲಿ ಅಕ್ಷತೆ ಹಾಕಿದ್ದೂ ಆ ಎಂಟರಿಂದಲೇ. ಉಳಿದೆರಡನ್ನು ಗರಗಸದ ಮಷೀನ್ ತಿಂದ ದಿನ ಇವಳಿಗೆ ಏಳು ವರ್ಷವಂತೆ. ಅಪ್ಪನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದವಳು ಕಣ್ಣಾರೆ ನೋಡಿದಳಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಮೊದಲ ಶಾಕ್ ಇದೇ. ನಾಚಿಕೆಯೂ ಆಯಿತು. ಆದರೆ ಹುಚ್ಚು ಬಿಡಬೇಕಲ್ಲ!

"ಅವರದು ಹಳೇ ಕಾಲದ್ದು. ಇದಕ್ಕ ಕವರ್ ಇರ್ತದ," ಅಂದೆ.

"ಅಪ್ಪನ ಮಷೀನ್ ಒಂದು ಕೆಲಸದ್ದು, ಎರಡು ಬೆರಳು ತಗೊಂತು. ನಿಮ್ಮದು ಐದು ಕೆಲಸದ್ದು. ಲೆಕ್ಕ ನೀವ ಹಾಕ್ರಿ, ಇಂಜಿನಿಯರ್ ಅದೀರಿ."

ಹಾಕಿದೆ. ಸರಿಯಾಗಿ ಹತ್ತು ಬಂತು.

೨. ಬಾಯಲ್ಲಿ ಹಲ್ವಾ

ಶೆಡ್ಡಿನಲ್ಲಿ ಮಷೀನ್ ಇಡಲು ಮನೆ ಮಾಲೀಕರ ಒಪ್ಪಿಗೆ ಬೇಕು. ಅವರು ಮೃದು ಮಾತಿನ ಒಮಾನಿ ಹಿರಿಯರು, ಆದರೆ ಗೋಡೆಗೆ ಒಂದು ಮೊಳೆ ಹೊಡೆದರೂ ಬಂದು ನೋಡಿ ಹೋಗುವವರು. ಇವರು ಬೇಡ ಅಂದೇ ಅನ್ನುತ್ತಾರೆ, ಪೀಡೆ ಅಲ್ಲಿಗೇ ತೊಲಗುತ್ತದೆ ಎಂದು ಹೆಂಡತಿ ನೆಮ್ಮದಿಯಿಂದಿದ್ದಳು.

"ಲಕಡಿ ಕಾ ಕಾಮ್?" ಎಂದು ಮಾಲೀಕರು ಕಣ್ಣರಳಿಸಿದರು. "ಮಾಫಿ ಮುಷ್ಕಿಲ್!" ಎಂದು ಬೆನ್ನು ತಟ್ಟಿದರು. ತೊಂದರೆಯೇ ಇಲ್ಲವಂತೆ.

ಮರುದಿನ ಆಫೀಸಿನಿಂದ ಬಂದರೆ ಕಾರು ನಿಲ್ಲಿಸಲು ಶೆಡ್ಡಿನಲ್ಲಿ ಜಾಗವಿಲ್ಲ! ಸೀಳಿದ ಬಾಗಿಲು, ಮೂರು ಕಾಲಿನ ಬೆಂಚು, ಹಿಡಿಕೆ ಇಲ್ಲದ ಡ್ರಾಯರುಗಳು, ಎಲ್ಲದರ ಮೇಲೆ ಒಂದು ಮುರಿದ ಒಂಟೆ ಜೀನು. ಒಂಟೆ ಎಲ್ಲಿದೆಯೋ ಎಂದು ಗಾಬರಿಯಿಂದ ಸುತ್ತಲೂ ನೋಡಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ಖಾಲಿಯಾದ ಹಲ್ವಾದ ಬಟ್ಟಲು.

"ಮಾಲೀಕರ ಮನಿ ಹೆಣ್ಮಕ್ಕಳು ಬಂದಿದ್ರು. ನಿಮ್ಮ ಮಷೀನ್ ಬಂದ ಮ್ಯಾಲ ಇವನ್ನೆಲ್ಲಾ ರಿಪೇರಿ ಮಾಡ್ಬೇಕಂತ."

"ನೀ ಆಗೂದಿಲ್ಲ ಅನ್ನಬೇಕಿಲ್ಲೋ?"

"ಹೆಂಗ ಅನ್ಲಿ? ಬಾಯಾಗ ಹಲ್ವಾ ಇತ್ತು."

ಒಬ್ಬರ ಮನೆಯದನ್ನು ತಿಂದು ಇಲ್ಲ ಅನ್ನುವುದು ಅವಳಿಂದ ಆಗದ ಕೆಲಸ. ಹೀಗಾಗಿ ಮಷೀನಿಗೆ ಅವಳ ಒಪ್ಪಿಗೆಯೂ ಸಿಕ್ಕಿತು, ಒಂದು ಕರಾರಿನ ಮೇಲೆ. ಹತ್ತು ಬೆರಳು ತೆಗೆದುಕೊಂಡು ಮನೆಯಿಂದ ಹೋಗಬೇಕು, ಹತ್ತೂ ವಾಪಸ್ ಬರಬೇಕು. ದಿನಾ ಎಣಿಸುತ್ತಾಳೆ. ಅವತ್ತೇ ಕೈ ಹಿಡಿದು ಒಂದು, ಎರಡು ಎಂದು ಶುರು ಮಾಡಿದಳು.

"ಮಷೀನ್ ಇನ್ನೂ ತಂದಿಲ್ಲಲ್ಲ?" ಅಂದೆ.

"ನಿಮಗೂ ರೂಢಿ ಆಗ್ಲಿ, ನನಗೂ ಆಗ್ಲಿ."

೩. ಅಂಜಲ್

ವಾದಿ ಅದಾಯ್‌ನಲ್ಲಿ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಕಾಕಾ ಇದ್ದಾರೆ, ಫರ್ನಿಚರ್ ವರ್ಕ್‌ಶಾಪ್ ಇಟ್ಟವರು. ಅವರ ಹತ್ತಿರ ನನಗೆ ಬೇಕಾದಂಥದೇ ಮಷೀನ್ ಇದೆ ಎಂದು ಗೊತ್ತಾಗಿ ಓಡಿದೆ. ಮಷೀನ್ ಫಳಫಳ ಹೊಳೆಯುತ್ತಿತ್ತು. ಗರಗಸದ ಕೆಳಗೆ ಒಂದು ಹಿಡಿಯಷ್ಟು ಬಿಳಿ ಪುಡಿ.

"ಇದು ಯಾವುದ್ರಿ ಕಾಕಾ?" ಎಂದು ಕೇಳಿದೆ.

"ಅದಾ? ಅಂಜಲ್."

ಕರಾವಳಿಯ ಮರಗಳು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ತೋರಿಸಿಕೊಳ್ಳಲೂ ಮನಸ್ಸಿಲ್ಲ. "ತೇಗಕ್ಕಿಂತ ಚಲೋನ್ರಿ?"

"ಎಂಥ ತೇಗ ಮಾರ್ರೆ! ಅಂಜಲಿಗೆ ಅಂಜಲೇ."

"ಹುಳ ಹಿಡಿಯೂದಿಲ್ಲ?"

"ಫ್ರೆಶ್ ಇದ್ರೆ ಎಂತದೂ ಹಿಡಿಯುದಿಲ್ಲ."

ನನ್ನ ಮಾವ ಮರದ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಅದರ ಜಾತಿ ಹೇಳುತ್ತಿದ್ದರು. ನಾನೂ ಒಂದು ಚಿಟಿಕೆ ತೆಗೆದು ತಿಕ್ಕಿದೆ, ಮೂಸಿದೆ, ನಾಲಿಗೆಗೆ ಇಟ್ಟುಕೊಂಡೆ. ತಣ್ಣಗೆ, ಸ್ವಲ್ಪ ಉಪ್ಪುಪ್ಪು. ಹಡಗಿನಲ್ಲಿ ಬಂದ ಮರ, ಸಮುದ್ರದ ಗಾಳಿ ಹಿಡಿದಿರಬೇಕು ಎಂದು ತಜ್ಞನಂತೆ ತಲೆಯಾಡಿಸಿದೆ.

"ಇದಕ್ಕ ಪಾಲಿಶ್ ಏನ್ ಮಾಡ್ತೀರಿ?"

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. "ಪಾಲಿಶಾ? ಮಸಾಲೆ ಹಚ್ಚಿ ಅರ್ಧ ಗಂಟೆ ಇಡುದು, ಮತ್ತೆ ಎಣ್ಣೆಗೆ ಬಿಡುದು. ಮಾರ್ರೆ, ನೀವು ಮೀನು ತಿನ್ನುದಿಲ್ವಾ?"

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾಲಿಗೆ ಅಲ್ಲೇ ಮರಗಟ್ಟಿತು. ಶುಕ್ರವಾರ ರಜೆಯ ದಿನ ಹುಡುಗರೆಲ್ಲ ಸೇರಿ ಫ್ರೀಜರಿನ ಇಡೀ ಅಂಜಲ್ ಮೀನನ್ನು ಆ ಗರಗಸದಲ್ಲೇ ಕೊಯ್ಯುತ್ತಾರಂತೆ, ಅವತ್ತಿನದು ಆಗಷ್ಟೇ ಮುಗಿದಿತ್ತಂತೆ. "ಗಟ್ಟಿ ಇರ್ತದಲ್ಲಾ, ಪೀಸು ಸಮ ಬರ್ತದೆ," ಎಂದು ಕಾಕಾ ನಲ್ಲಿ ತೋರಿಸಿದರು. ನಾನು ಹದಿನೈದು ನಿಮಿಷ ಬಾಯಿ ಮುಕ್ಕಳಿಸಿದೆ. ಪಾಪ, ಅವರು ತುಂಬ ನೊಂದುಕೊಂಡರು, ಬೇರೆ ಒಳ್ಳೆಯ ಮಷೀನ್ ಹುಡುಕಿ ಕೊಡುವ ಜವಾಬ್ದಾರಿ ತಮ್ಮದು ಎಂದು ಫೋನ್ ನಂಬರ್ ಬರೆದುಕೊಟ್ಟರು. ಅದನ್ನು ತಂದು ಫ್ರಿಜ್ಜಿಗೆ ಅಂಟಿಸಿದೆ.

ಹೆಂಡತಿ ಎಂದಿನಂತೆ ಬೆರಳು ಎಣಿಸಿದಳು. ಆರಕ್ಕೆ ಬಂದಾಗ ಮೂಗು ಮುಚ್ಚಿಕೊಂಡು ಹತ್ತು ಮುಗಿಸಿದಳು.

"ಬೆರಳು ಎಲ್ಲಾ ಅದಾವ. ಆದ್ರ ಇವು ಯಾರ ಬೆರಳು?"

೪. ಗಯಾ

ಕಾಕಾ ಮಾತಿಗೆ ತಪ್ಪಲಿಲ್ಲ. ಸಹಮ್‌ನಲ್ಲಿ ತೋಟ ಮಾಡಿಕೊಂಡಿದ್ದ ಒಬ್ಬ ಒಮಾನಿ ಅಜ್ಜನ ಬಳಿ ಮಷೀನ್ ಇದೆ, ಮೀನು ಮುಟ್ಟಿಲ್ಲ ಎಂದು ತಿಳಿಸಿದರು. ಶನಿವಾರ ಬೆಳಿಗ್ಗೆ ಹತ್ತು ಬೆರಳು ಎಣಿಸಿಕೊಟ್ಟು ಹೊರಟೆ. ಎರಡು ತಾಸಿನ ದಾರಿ. ಮಷೀನ್ ನೋಡಿದೊಡನೆ ಮನಸ್ಸು ಸೋತಿತು. ಅಜ್ಜ ಖರ್ಜೂರ ತಿನ್ನಿಸಿ, ಕಾಫಿ ಕುಡಿಸಿ, ದಾರಿಯಲ್ಲಿ ಧೂಳು ಬೀಳದಿರಲಿ ಎಂದು ಮಷೀನಿಗೆ ತಮ್ಮ ಮನೆಯ ಬಿಳಿ ಚಾದರವನ್ನೇ ಸುತ್ತಿ ಕಟ್ಟಿದರು. ಬಾಡಿಗೆಯ ಪಿಕಪ್ಪಿಗೆ ಏರಿಸಲು ಕ್ರೇನಿಗೆ ಸಿಕ್ಕಿಸುವ ಬೆಲ್ಟನ್ನು ಅಡಿಯಿಂದ ಎಳೆಯಲು ನಾನು ಮಷೀನಿನ ಕೆಳಗೆ ತೂರಿದ್ದೆ. ಆಗ ಕುರ್ಚಿಯ ಮೇಲಿದ್ದ ನನ್ನ ಫೋನ್ ರಿಂಗಾಗಿದೆ. ನನಗೆ ಕೇಳಿಸಲಿಲ್ಲ. ಅಜ್ಜ ಎತ್ತಿಕೊಂಡಿದ್ದಾರೆ. ಮುಂದಿನದು ಹೆಂಡತಿ ಹೇಳಿದ್ದು.

"ಮೇರೆ ಹಸ್ಬೆಂಡ್ ಕಿಧರ್?"

"ಇಂಜಿನಿಯರ್ ಮಷೀನ್ ಕೆ ನೀಚೆ, ಮದಾಮ್."

"ನೀಚೆ? ಕ್ಯಾ ಹುವಾ?"

"ಮಾಫಿ ಮುಷ್ಕಿಲ್. ಖಲಾಸ್. ಅಭೀ ಪಿಕಪ್ ಮೇ ಡಾಲೇಗಾ, ಘರ್ ಭೇಜೇಗಾ."

ಇಲ್ಲಿ ಖಲಾಸ್ ಅಂದರೆ ಕೆಲಸ ಮುಗಿಯಿತು ಅಂತ; ಪಿಕಪ್ಪಿಗೆ ಹಾಕಿ ಮನೆಗೆ ಕಳಿಸುತ್ತೇನೆ ಅಂದದ್ದು ಮಷೀನನ್ನು. ಧಾರವಾಡದಲ್ಲಿ ಖಲಾಸ್ ಅಂದರೆ ಮನುಷ್ಯ ಮುಗಿದ ಅಂತ. ಅವಳು ಫೋನ್ ಇಟ್ಟುಬಿಟ್ಟಳು. ಧೈರ್ಯ ಮಾಡಿ ಮತ್ತೆ ಫೋನ್ ಮಾಡುವ ಹೊತ್ತಿಗೆ ನಾನು ಹೊರಟಾಗಿತ್ತು, ಫೋನನ್ನು ಅದೇ ಕುರ್ಚಿಯ ಮೇಲೆ ಮರೆತು.

"ಇಂಜಿನಿಯರ್ ಗಯಾ, ಮದಾಮ್," ಅಂದರು ಅಜ್ಜ. "ಆಧಾ ಘಂಟಾ ಹುವಾ. ಬಹುತ್ ಅಚ್ಛಾ ಆದ್ಮಿ." ಹೊರಟು ಅರ್ಧ ಗಂಟೆಯಾಯಿತು ಅಂತ ಅವರ ಅರ್ಥ, ತೀರಿಹೋಗಿ ಅರ್ಧ ಗಂಟೆಯಾಯಿತು ಅಂತ ಅವಳಿಗೆ ಕೇಳಿಸಿತು.

ಇದೇನೂ ತಿಳಿಯದ ನಾನು ಪಿಕಪ್ಪಿನ ಹಿಂದೆ ಕಾರಿನಲ್ಲಿ ಹಾಡು ಗುನುಗುತ್ತ ಬಂದೆ. ಅಲ್ ಹೈಲ್ ತಲುಪಿದರೆ ಮನೆ ಮುಂದೆ ಹತ್ತು ಹನ್ನೆರಡು ಕಾರು! ಪರಿಚಯದ ಕನ್ನಡದ ಕುಟುಂಬಗಳೆಲ್ಲ ಅಲ್ಲಿವೆ. ಮಾಲೀಕರು ಜಪಮಾಲೆ ಹಿಡಿದು ನಿಂತಿದ್ದಾರೆ. ಬಿಳಿ ಚಾದರ ಹೊದ್ದ ಉದ್ದನೆಯ ವಸ್ತು ಹೊತ್ತ ಪಿಕಪ್ ನಿಂತಿದ್ದೇ ತಡ, ಎಲ್ಲರೂ ತಲೆ ತಗ್ಗಿಸಿದರು. ಮನೆಯಲ್ಲಿ ಯಾರಿಗೆ ಏನಾಯಿತು? ಗುಂಪಿನಲ್ಲಿ ನುಗ್ಗಿ, ಬೆನ್ನು ಮಾಡಿ ನಿಂತಿದ್ದವರ ಭುಜ ಹಿಡಿದು ಕೇಳಿದೆ.

"ಯಾರ್ ಹೋದ್ರು ರೀ?"

ನಿಂತವರು ವಾದಿ ಅದಾಯ್‌ನ ಕಾಕಾ. ಫ್ರಿಜ್ಜಿನ ಮೇಲಿನ ನಂಬರು ನೋಡಿ ಹೆಂಡತಿ ಅವರನ್ನೂ ಕರೆಸಿದ್ದಳು. ತಿರುಗಿ ನೋಡದೆ ಕಣ್ಣೊರೆಸಿಕೊಂಡರು. "ಇಂಜಿನಿಯರ್ ಮಾರ್ರೆ. ಎಂಥ ಒಳ್ಳೆ ಜನ. ಒಂದು ತುಂಡು ಅಂಜಲ್ ಸಹ ತಿನ್ನದೆ ಹೋದ್ರು."

ಆಮೇಲೆ ತಿರುಗಿದರು. ಅವರ ಕಿರುಚಾಟಕ್ಕೆ ಮಾಲೀಕರ ಜಪಮಾಲೆ ಕೆಳಗೆ ಬಿತ್ತು.

ಹೆಂಡತಿ ಒಳಗಿನಿಂದ ಓಡಿ ಬಂದಳು. ನನ್ನ ಎರಡೂ ಕೈ ಹಿಡಿದು, ಅಷ್ಟೂ ಜನರ ಮುಂದೆ, ಅಳುತ್ತ ಎಣಿಸಿದಳು. ಎಂಟು ಬಂದಾಗ ಅವಳ ದನಿ ನಡುಗಿತು. ಒಂಬತ್ತು. ಹತ್ತು. ನಂಬಿಕೆ ಬರದೆ ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು. ನನ್ನ ಕಣ್ಣಲ್ಲೂ ನೀರು ಬಂತು. ಮಷೀನನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿಬಿಡಲೇ ಅಂದುಕೊಂಡೆ.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ತೆರೆಯ ಮೇಲೆ ನನ್ನದೇ ಹೆಸರು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಸ್ಪೀಕರ್ ಒತ್ತಿದಳು.

"ಮದಾಮ್, ಇಂಜಿನಿಯರ್ ಕಾ ಫೋನ್ ಇಧರ್ ಹೈ," ಎಂದು ಅಜ್ಜನ ದನಿ ಬಂತು. "ಇಂಜಿನಿಯರ್ ಘರ್ ಪಹುಂಚಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಹಾಂ, ಪಹುಂಚ್ ಗಯಾ," ಅಂದಳು. "ಅಬ್ ಖಲಾಸ್!"

"ಅಲ್‌ಹಮ್ದುಲಿಲ್ಲಾಹ್!" ಎಂದು ಅಜ್ಜ ಮನಸಾರೆ ಹರಸಿ ಫೋನ್ ಇಟ್ಟರು.